ಮೂರು ಸಲ ಅಳಿಸಿದ ಹೆಸರು

ಆ ಮನುಷ್ಯ ಫೋನಿನಲ್ಲಿ ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಬೈಗುಳಕ್ಕೆ ಉತ್ತರ ಕೊಡುವುದು ನನಗೆ ಚೆನ್ನಾಗಿಯೇ ಬರುತ್ತದೆ. ಸೋಮಂದೇಪಲ್ಲಿಯಿಂದ ಮಾತಾಡುತ್ತಿದ್ದೇನೆ ಎಂದರು. ಒಂದು ಹೆಣ್ಣುಮಗುವಿನ ಹೆಸರು ಹೇಳಿ, ತಾನು ಅದರ ಸೋದರಮಾವ ಎಂದರು. ಆಮೇಲೆ ನಿಧಾನವಾಗಿ ಕೇಳಿದರು:

“ಮಗೀನ ಮಣ್ಣು ಮಾಡಿ ನಾಲ್ಕು ವರ್ಸ ಆಯ್ತು ಕಣಮ್ಮ. ನನ್ನ ಕೈಯಾರೆ ಮಾಡಿದ್ದು. ಈಗ ಸೂಜಿ ಆಕ್ಸಕ್ಕೆ ಕರ್ಕಂಡ್ ಬಾ ಅಂತ ನೀವು ಫೋನ್ ಮಾಡ್ತೀರ. ಎಲ್ಲಿಂದ ಕರ್ಕಂಡ್ ಬರ್ಲಿ, ನೀವೇ ಹೇಳಿ.”

ಹಿಂದೂಪುರದ ಒಂದು ಟ್ರಸ್ಟ್ ಆಸ್ಪತ್ರೆಯ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಕಲ್ಯಾಣದುರ್ಗದಲ್ಲಿ ಅದರದೇ ಒಂದು ಶಾಖೆಯಿದೆ. ಎರಡೂ ಕಡೆ ಬರುವ ರೋಗಿಗಳ ಹೆಸರು, ವಯಸ್ಸು, ತೂಕ, ಔಷಧ ಎಲ್ಲವೂ ಟೇಬಲ್‌ಗಳಲ್ಲಿ ಸಾಲು ಸಾಲಾಗಿ ಇರುತ್ತವೆ. ಒಬ್ಬ ರೋಗಿಗೆ ಒಂದು ನಂಬರ್, ಒಂದು ನಂಬರಿಗೆ ಒಂದು ಸಾಲು. ಆ ನಂಬರನ್ನು ಹಳದಿ ಕಾರ್ಡಿನ ಮೇಲೆ ಬರೆದು ಮನೆಯವರ ಕೈಗೆ ಕೊಡುತ್ತೇವೆ.

ಕೆಲವು ಮಕ್ಕಳಿಗೆ ಗಂಟಲು ನೋವಿನಿಂದ ಶುರುವಾದ ಜ್ವರ ಕೀಲುಗಳಿಗೆ ಇಳಿದು, ಕೊನೆಗೆ ಹೃದಯದ ಕವಾಟವನ್ನು ಕೆಡಿಸುತ್ತದೆ. ಅಂಥವರಿಗೆ ಇಪ್ಪತ್ತೊಂದು ದಿನಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ತಪ್ಪಬಾರದು. ತಪ್ಪಿಸುವವರೇ ಹೆಚ್ಚು. ಅದಕ್ಕೇ ಹಿಂದಿನ ದಿನ ಮನೆಗೆ ತಾನಾಗಿಯೇ ತೆಲುಗಿನಲ್ಲಿ ಫೋನ್ ಹೋಗುವ ಏರ್ಪಾಡನ್ನು ಆ ವರ್ಷ ನಾನು ಮಾಡಿದ್ದೆ. ಕಳೆದ ಆರು ತಿಂಗಳಲ್ಲಿ ಒಮ್ಮೆಯಾದರೂ ಆಸ್ಪತ್ರೆಗೆ ಬಂದವರಿಗೆ ಮಾತ್ರ ಫೋನ್ ಹೋಗಲಿ ಎಂದು ಒಂದು ಷರತ್ತನ್ನೂ ಹಾಕಿದ್ದೆ.

ನಾಲ್ಕು ವರ್ಷದ ಹಿಂದೆ ತೀರಿಹೋದ ಮಗು ಈ ಆರು ತಿಂಗಳಲ್ಲಿ ಆಸ್ಪತ್ರೆಗೆ ಬಂದದ್ದು ಹೇಗೆ? ಆ ಪ್ರಶ್ನೆಯನ್ನು ನಾನು ಅಂದೇ ಕೇಳಿಕೊಳ್ಳಬೇಕಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಪೈಕಿ ನಾನು, ಕೇಳಿಕೊಳ್ಳಲಿಲ್ಲ. ನಮ್ಮ ಸೂಪರಿಂಟೆಂಡೆಂಟ್ ಡಾಕ್ಟರಿಗೆ ವಿಷಯ ಹೇಳಿದೆ. ಪಾಪ, ಆ ಮನೆಯವರಿಗೆ ಇನ್ನೊಮ್ಮೆ ಫೋನ್ ಹೋಗಕೂಡದು, ಇವತ್ತೇ ಸರಿಮಾಡಿ ಎಂದರು.

ಸಾವನ್ನು ಸರಿಯಾಗಿ ದಾಖಲಿಸಬೇಕೆಂದರೆ ಮನೆಯವರು ಬರಬೇಕು. ಆಸ್ಪತ್ರೆಯ ಬಾಗಿಲಿಗೆ ಮತ್ತೆ ಕಾಲಿಡುವುದಿಲ್ಲ ಎಂದು ಸೋದರಮಾವ ಫೋನಿನಲ್ಲೇ ಹೇಳಿದ್ದರು. ಹಾಗಾಗಿ ನಾನು ಅಡ್ಡದಾರಿ ಹಿಡಿದೆ. ಸಾಲಿನ ಒಂದು ಪ್ರತಿಯನ್ನು ಬೇರೆ ಟೇಬಲ್ಲಿಗೆ ತೆಗೆದಿಟ್ಟು, ಮೂಲದಿಂದ ಅಳಿಸಿದೆ. ಆ ನಂಬರಿಗೆ ಜೋತುಕೊಂಡಿದ್ದ ಬೇರೆ ದಾಖಲೆಗಳು ಅಡ್ಡ ಬಂದವು. ಹಳೆಯ ಭೇಟಿಗಳು, ಇಂಜೆಕ್ಷನ್ ವೇಳಾಪಟ್ಟಿ ಎಲ್ಲ ಅದರ ಜೊತೆ ಕಟ್ಟಿಕೊಂಡಿರುತ್ತವೆ, ನಂಬರನ್ನು ಸುಮ್ಮನೆ ಹೋಗಲು ಬಿಡುವುದಿಲ್ಲ. ಆ ಕಟ್ಟನ್ನು ಎರಡು ನಿಮಿಷ ಸಡಿಲಿಸಿ, ಸಾಲನ್ನು ಎಳೆದುಹಾಕಿ, ಮತ್ತೆ ಬಿಗಿದೆ. ಈ ಕೆಲಸ ಕಲಿಯಲು ಬಂದವರಿಗೆ ಯಾವುದನ್ನು ಮಾಡಬೇಡಿ ಎಂದು ಗದರುತ್ತೇನೋ ಅದನ್ನೇ ನಾನು ಮಾಡಿದೆ.

ಇಪ್ಪತ್ತೊಂದು ದಿನ ಕಳೆದ ಮೇಲೆ ಅವರ ಫೋನ್ ಮತ್ತೆ ಬಂತು. “ನಿಮ್ ಫೋನ್ ಮತ್ತೆ ಬಂತು ಕಣಮ್ಮ” ಎಂದು ಅಷ್ಟೇ ಹೇಳಿ ಇಟ್ಟುಬಿಟ್ಟರು. ಟೇಬಲ್ ತೆರೆದು ನೋಡಿದರೆ ಸಾಲು ಅಲ್ಲೇ ಇತ್ತು. ಅದೇ ನಂಬರ್, ಅದೇ ಹೆಸರು, ಸೋಮಂದೇಪಲ್ಲಿಯ ಅದೇ ಫೋನ್ ನಂಬರ್.

ಮೊದಲು ಅನಿಸಿದ್ದು ಅವಮಾನ. ಹದಿನೈದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ನಾನು ಅಳಿಸಿದ್ದು ಅಳಿಸಿಹೋಗಬೇಕು. ಮತ್ತೆ ಒಂದು ಪ್ರತಿ ತೆಗೆದಿಟ್ಟು ಅಳಿಸಿದೆ, ಆಮೇಲೆ ಕಾರಣ ಹುಡುಕಲು ಕೂತೆ.

ಹಿಂದೂಪುರದಲ್ಲಿ ಒಂದು ಸರ್ವರ್, ಕಲ್ಯಾಣದುರ್ಗದಲ್ಲಿ ಇನ್ನೊಂದು. ನಡುವಿನ ಲೈನು ಯಾವಾಗ ಇರುತ್ತದೆ, ಯಾವಾಗ ಇರುವುದಿಲ್ಲ ಎಂದು ದೇವರಿಗೂ ಗೊತ್ತಿಲ್ಲ. ಹಾಗಾಗಿ ಎರಡೂ ಸ್ವತಂತ್ರವಾಗಿ ಓಡುತ್ತವೆ. ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ, ಸಂಜೆ ಹೊರರೋಗಿಗಳ ಓಪಿ ಮುಗಿದ ಮೇಲೆ ಒಮ್ಮೆ, ತಮ್ಮಲ್ಲಿರುವುದನ್ನು ಪರಸ್ಪರ ಕೊಟ್ಟು ಸರಿದೂಗಿಸಿಕೊಳ್ಳುತ್ತವೆ. ಒಂದೇ ಸಾಲಿನ ಬಗ್ಗೆ ಎರಡೂ ಕಡೆ ಬೇರೆ ಬೇರೆ ಮಾತಿದ್ದರೆ, ಕೊನೆಗೆ ಬರೆದದ್ದು ಗೆಲ್ಲುತ್ತದೆ. ಯಾವುದು ಕೊನೆಯದು ಎಂದು ಹೇಳುವುದು ಆಯಾ ಮಿಷನ್ನಿನ ಗಡಿಯಾರ.

ಬಸ್ಸು ಹತ್ತಿ ಪೆನುಕೊಂಡದಲ್ಲಿ ಬದಲಿಸಿ ಕಲ್ಯಾಣದುರ್ಗಕ್ಕೆ ಹೋದೆ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿದ್ದ ಸರ್ವರಿನ ಗಡಿಯಾರ ಸರಿಯಾಗಿ ಹತ್ತು ನಿಮಿಷ ಮುಂದಿತ್ತು. ಒಳಗಿನ ಬಟನ್ ಸೆಲ್ ಸತ್ತಿದ್ದರಿಂದ ಕರೆಂಟು ಹೋದಾಗಲೆಲ್ಲ ಸಮಯ ಕಳೆದುಹೋಗುತ್ತಿತ್ತು. ಕಾರ್ಡು ಮಾಡುವ ಕೌಂಟರಿನಲ್ಲಿ ಬಹಳ ವರ್ಷದಿಂದ ಕೂರುವ ಅಕ್ಕ ಅದನ್ನು ಕೈಯಿಂದಲೇ ಸರಿಪಡಿಸುತ್ತಿದ್ದರಂತೆ. ಹತ್ತು ನಿಮಿಷ ಮುಂದೆ ಏಕೆ ಎಂದು ಕೇಳಿದ್ದಕ್ಕೆ, ನಿಮ್ಮ ಮನೇಲಿ ಗೋಡೆ ಗಡಿಯಾರ ಮುಂದಿಕ್ಕಲ್ವಾ ಎಂದು ನನ್ನನ್ನೇ ತಿರುಗಿ ಕೇಳಿದರು. ನಿಜ ಹೇಳಬೇಕೆಂದರೆ ಪರಿಗಿಯ ನಮ್ಮ ಮನೆಯದು ಹದಿನೈದು ನಿಮಿಷ ಮುಂದಿದೆ. ಬಸ್ಸು ತಪ್ಪಬಾರದಲ್ಲ.

ಕಾರಣ ಸಿಕ್ಕಿತು ಎಂದು ನಾನು ಹಿಗ್ಗಿದೆ. ಗಡಿಯಾರ ಮುಂದಿದ್ದರೆ ಅಲ್ಲಿ ಬರೆದದ್ದೇ ಕೊನೆಯದಾಗುತ್ತದೆ, ನಾನು ಅಳಿಸಿದ್ದು ಸೋಲುತ್ತದೆ. ಸೆಲ್ ಬದಲಿಸಿ, ಸಮಯವನ್ನು ನೆಟ್‌ನಿಂದ ತಾನಾಗಿ ತೆಗೆದುಕೊಳ್ಳುವಂತೆ ಮಾಡಿ, ಕೌಂಟರಿನ ಅಕ್ಕನಿಗೆ ಇನ್ನು ಮುಟ್ಟಬೇಡಿ ಎಂದು ಹೇಳಿ ಬಂದೆ. ಯಾವ ಮಗುವಿನ ಸಾಲಿಗಾಗಿ ಅಷ್ಟು ದೂರ ಹೋಗಿದ್ದೆ ಎಂದು ಅವರಿಗೆ ಹೇಳಲಿಲ್ಲ. ಸರ್ವರಿನ ವಿಷಯವನ್ನು ಕೌಂಟರಿನವರ ಹತ್ತಿರ ಏನು ಹೇಳುವುದು ಎಂಬ ದೊಡ್ಡಸ್ತಿಕೆ ನನಗಿತ್ತು.

ಒಂದೂವರೆ ತಿಂಗಳು ಸುಮ್ಮನಿತ್ತು. ಆಮೇಲೆ ಒಂದು ಬೆಳಿಗ್ಗೆ, ಅಭ್ಯಾಸಬಲದಿಂದ ಆ ನಂಬರ್ ಹುಡುಕಿದೆ. ಸಾಲು ಬಂದಿತ್ತು.

ಆಗ ನನಗೆ ಭಯವಾಯಿತು. ಹಾಡುಹಗಲು, ಪಕ್ಕದ ಕೋಣೆಯಲ್ಲಿ ಜನ ಚಹಾ ಕುಡಿಯುತ್ತಿದ್ದಾರೆ, ನಾನು ಕಂಪ್ಯೂಟರ್ ಮುಂದೆ ಕೂತು ಒಂದು ಹೆಸರನ್ನು ನೋಡಿ ಹೆದರುತ್ತಿದ್ದೇನೆ. ಆ ಹುಡುಗಿಯನ್ನು ನಾನು ನೋಡಿರಲಿಲ್ಲ. ಆದರೂ ಮನೆಯಲ್ಲಿ ಅನ್ನ ಬಡಿಸುವಾಗ, ಬಟ್ಟೆ ಮಡಚುವಾಗ ಆ ಹೆಸರು ನೆನಪಾಗತೊಡಗಿತು. ನಮ್ಮ ಬೀದಿಯಲ್ಲಿ ಅದೇ ಹೆಸರಿನ ಮಗುವನ್ನು ಯಾರೋ ಕೂಗಿದರೆ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತುಬಿಡುತ್ತಿದ್ದೆ. ಗಂಡನಿಗೆ ಹೇಳಿದರೆ ನಗುತ್ತಾರೆಂದು ಹೇಳಲಿಲ್ಲ.

ಲಾಗ್ ತೆಗೆದು ನೋಡಿದೆ. ಲಾಗ್ ಎಂದರೆ ಸರ್ವರಿನ ದಿನಚರಿ. ಯಾವ ಸಾಲು, ಯಾವ ಹೊತ್ತಿಗೆ, ಯಾರ ಹೆಸರಿನಿಂದ ಬರೆಯಲ್ಪಟ್ಟಿತು ಎಂಬುದೆಲ್ಲ ಅದರಲ್ಲಿರುತ್ತದೆ. ಈ ಸಾಲು ಸರಿದೂಗಿಸುವಾಗ ಬಂದದ್ದಲ್ಲ. ಕಲ್ಯಾಣದುರ್ಗದ ಕೌಂಟರಿನ ಲಾಗಿನ್‌ನಿಂದ ಹೊಸದಾಗಿ ಬರೆದದ್ದು ಎಂದಿತ್ತು. ಒಂದು ಫೋನ್ ಮಾಡಿ ಆ ಅಕ್ಕನನ್ನು ಕೇಳಿದ್ದರೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ಮಾಡಲಿಲ್ಲ. ಕೌಂಟರಿನ ಪ್ರೋಗ್ರಾಂ ಹಳೆಯದನ್ನು ಎಲ್ಲೋ ಹಿಡಿದಿಟ್ಟುಕೊಂಡು ಕಕ್ಕುತ್ತಿದೆ ಎಂದು ತೀರ್ಮಾನಿಸಿದೆ. ಮೂರನೆಯ ಪ್ರತಿ ತೆಗೆದಿಟ್ಟು ಮೂರನೆಯ ಸಲ ಅಳಿಸಿದೆ. ಜೊತೆಗೆ ಒಂದು ತಡೆಪಟ್ಟಿ ಮಾಡಿ, ಅದರಲ್ಲಿರುವ ನಂಬರನ್ನು ಎರಡೂ ಸರ್ವರ್‌ಗಳು ಒಳಗೆ ಬಿಟ್ಟುಕೊಳ್ಳದಂತೆ ಟ್ರಿಗರ್ ಎಂಬ ಕಾವಲು ಆಜ್ಞೆ ಬರೆದೆ. ಪಟ್ಟಿಯಲ್ಲಿ ಇದ್ದದ್ದು ಒಂದೇ ನಂಬರ್. ಹುತ್ತ ಬಡಿದರೆ ಹಾವು ಸಾಯುವುದಿಲ್ಲ ಎಂಬುದು ಗೊತ್ತಿದ್ದೂ ಹುತ್ತವನ್ನು ಚೆನ್ನಾಗಿ ಬಡಿದೆ.

ಎರಡು ವಾರದ ನಂತರ, ಬೆಳಿಗ್ಗೆ ಹತ್ತೂವರೆಗೆ ಕಲ್ಯಾಣದುರ್ಗದಿಂದ ಫೋನ್ ಬಂತು. ಕೌಂಟರಿನ ಅಕ್ಕ ನೆಂಟರ ಮದುವೆಗೆಂದು ರಜೆ ಹಾಕಿದ್ದರು. ಅವರ ಜಾಗಕ್ಕೆ ಇಲ್ಲಿಂದಲೇ ಹೋಗಿದ್ದ ಬದಲಿ ಗುಮಾಸ್ತ ಮಾತಾಡಿದ. ಒಂದು ನಂಬರ್ ಒತ್ತಿದರೆ ತೆಗೆದುಕೊಳ್ಳುತ್ತಿಲ್ಲ ಎಂದ. ನಂಬರ್ ಕೇಳಿದೆ. ಅದೇ. ಆ ಮಗು ತೀರಿಹೋಗಿದೆ, ಯಾರೋ ತಪ್ಪು ಕಾರ್ಡು ತಂದಿದ್ದಾರೆ, ಸರಿಯಾದ ಕಾರ್ಡು ಕೇಳು ಎಂದೆ.

ಅವನು ದನಿ ತಗ್ಗಿಸಿದ.

“ಸತ್ತಿಲ್ಲ ಮೇಡಂ. ನನ್ನೆದ್ರಿಗೇ ಕೂತೈತೆ. ಜ್ವರ ಅಂತ ಬಂದವ್ರೆ.”

ಹೆಸರು ಕೇಳು ಎಂದೆ. ಅವನು ತೆಲುಗಿನಲ್ಲಿ ಕೇಳಿದ್ದು ಕಿವಿಗೆ ಬಿತ್ತು. ಆಮೇಲೆ ಒಂದು ಪುಟ್ಟ ದನಿ, ಜ್ವರಕ್ಕೆ ಒಣಗಿದ ಬಾಯಿಯ ದನಿ, ಆ ಹೆಸರನ್ನು ಹೇಳಿತು.

ನನಗೆ ನಾಚಿಕೆಯಾಯಿತು. ಸೋದರಮಾವ ಹೇಳಿದ್ದು ಬೇರೆ ಯಾವುದೋ ಮಗುವಿನ ವಿಷಯ, ನಾನು ಬದುಕಿರುವ ಮಗುವನ್ನು ಮೂರು ಸಲ ಅಳಿಸಿದ್ದೇನೆ ಎಂದು ಅನಿಸಿತು. ತಪ್ಪು ಮಾಡಿದವರು ಅದನ್ನು ಮುಚ್ಚಲು ಎಷ್ಟು ಅವಸರ ಪಡುತ್ತಾರೋ ಅಷ್ಟೇ ಅವಸರ ನನಗೂ. ತಡೆಪಟ್ಟಿಯಿಂದ ನಂಬರ್ ತೆಗೆದೆ. ತೆಗೆದಿಟ್ಟಿದ್ದ ಮೂರು ಪ್ರತಿಗಳಲ್ಲಿ ಮೊದಲನೆಯದು, ನಾನು ಕೈಯಾಡಿಸುವುದಕ್ಕೆ ಮುಂಚಿನದು, ಅದೇ ಶುದ್ಧವಾದದ್ದು ಎಂದು ಅದನ್ನೇ ಕಲ್ಯಾಣದುರ್ಗದ ಸರ್ವರಿಗೆ ಹಿಂದಿರುಗಿಸಿದೆ. ಬಂತು ಮೇಡಂ, ಥ್ಯಾಂಕ್ಸ್ ಎಂದು ಅವನು ಫೋನ್ ಇಟ್ಟ.

ಕೆಲಸ ಮುಗಿದ ಮೇಲೆ ಕಸ ಗುಡಿಸಬೇಕಲ್ಲ, ಉಳಿದ ಎರಡು ಪ್ರತಿಗಳನ್ನು ತೆಗೆದುಹಾಕೋಣ ಎಂದು ತೆರೆದೆ. ಮೂರನ್ನೂ ಒಂದರ ಕೆಳಗೊಂದು ಇಟ್ಟು ನೋಡಿದ್ದು ಅದೇ ಮೊದಲು. ತೂಕದ ಕಾಲಂ ಕಣ್ಣಿಗೆ ಬಿತ್ತು. ಮೊದಲನೆಯದರಲ್ಲಿ ಹನ್ನೊಂದು ಕಿಲೋ ಇನ್ನೂರು. ಎರಡನೆಯದರಲ್ಲಿ ಹನ್ನೊಂದೂವರೆ. ಮೂರನೆಯದರಲ್ಲಿ ಹನ್ನೊಂದು ಕಿಲೋ ಒಂಬೈನೂರು.

ಸತ್ತ ಮಗು ಬೆಳೆಯುತ್ತಿತ್ತು.

ಹಳೆಯ ಭೇಟಿಗಳನ್ನು ತೆರೆದು ನೋಡಿದೆ. ಹದಿನೇಳು ಕಿಲೋ, ಹದಿನೆಂಟು, ಹತ್ತೊಂಬತ್ತು. ಪ್ರತಿ ಭೇಟಿಯಲ್ಲೂ ಪೆನ್ಸಿಲಿನ್. ಆಮೇಲೆ ಒಂದೂವರೆ ವರ್ಷ ಏನೂ ಇಲ್ಲ. ಆಮೇಲೆ ಆರು ಕಿಲೋ. ಅಲ್ಲಿಂದ ಮೆಲ್ಲಗೆ ಏಳು, ಎಂಟು, ಹನ್ನೊಂದು. ಹತ್ತೊಂಬತ್ತು ಕಿಲೋ ಇದ್ದ ಮಗು ಆರು ಕಿಲೋಗೆ ಇಳಿಯುವುದಿಲ್ಲ. ಒಂದೇ ನಂಬರಿನಲ್ಲಿ ಇಬ್ಬರು ಇದ್ದರು. ಒಬ್ಬಳು ಹೋಗಿದ್ದಳು, ಒಬ್ಬಳು ಕಲ್ಯಾಣದುರ್ಗದ ಕೌಂಟರಿನ ಮುಂದೆ ಕೂತಿದ್ದಳು.

ಎರಡನೆಯ ಮತ್ತು ಮೂರನೆಯ ಪ್ರತಿಯ ಷರಾ ಕಾಲಂನಲ್ಲಿ, ಮೊದಲನೆಯದರಲ್ಲಿ ಇಲ್ಲದ ಒಂದು ಸಾಲಿತ್ತು, ನಾನು ಮೊದಲ ಸಲ ಅಳಿಸಿದ ಮೇಲೆ ಕೌಂಟರಿನಲ್ಲಿ ಸೇರಿಸಿದ್ದು. ಪೆನ್ಸಿಲಿನ್ ಜಾತಿಯ ಸಿರಪ್ ಕೊಟ್ಟಾಗ ಮುಖ, ತುಟಿ ಊದಿ ಉಸಿರು ಕಟ್ಟಿತ್ತು, ಆ ಔಷಧ ಕೂಡದು. ನಾನು ಶುದ್ಧವೆಂದು ಆರಿಸಿ ಹಿಂದಿರುಗಿಸಿದ್ದು ಈ ಮಾತಿಲ್ಲದ ಪ್ರತಿ. ಅಷ್ಟೇ ಅಲ್ಲ. ನಂಬರ್ ಎದ್ದರೆ ಅದಕ್ಕೆ ಕಟ್ಟಿಕೊಂಡ ಇಂಜೆಕ್ಷನ್ ವೇಳಾಪಟ್ಟಿಯೂ ಏಳುತ್ತದೆ. ಬಾಕಿಯಿರುವವರು ಕೌಂಟರಿಗೆ ಬಂದ ತಕ್ಷಣ ಇಂಜೆಕ್ಷನ್ ಕೋಣೆಯಲ್ಲಿ ಸ್ಲಿಪ್ ತಾನಾಗಿ ಪ್ರಿಂಟ್ ಆಗುತ್ತದೆ. ಸ್ಲಿಪ್ಪಿನಲ್ಲಿ ಹೆಸರು, ನಂಬರ್, ಔಷಧ, ಇಷ್ಟೇ. ವಯಸ್ಸಿಲ್ಲ. ಹಳಬರಿಗೆ ಮೊದಲು ಚರ್ಮದೊಳಗೆ ಒಂದು ತೊಟ್ಟು ಚುಚ್ಚಿ ಪರೀಕ್ಷಿಸುವುದೂ ಇಲ್ಲ. ಎರಡು ವರ್ಷ ತಪ್ಪದೆ ತೆಗೆದುಕೊಂಡವಳು ಎಂದು ದಾಖಲೆಯೇ ಹೇಳುತ್ತದೆ. ಹೆಸರು ಕೂಗುತ್ತಾರೆ, ತಾಯಿ ಮಗುವನ್ನು ಎತ್ತಿಕೊಂಡು ಒಳಗೆ ಹೋಗುತ್ತಾಳೆ. ಹೆಸರು ಅವಳ ಮಗಳದೇ.

ಕೌಂಟರಿಗೆ ಫೋನ್ ಮಾಡಿದೆ. ಎಂಗೇಜ್. ಬದಲಿ ಗುಮಾಸ್ತನ ಮೊಬೈಲಿಗೆ ಮಾಡಿದೆ. ರಿಂಗಾಗಿ ನಿಂತಿತು. ಸಾಲನ್ನು ನಾಲ್ಕನೆಯ ಸಲ ಅಳಿಸಬಹುದಿತ್ತು, ಆದರೆ ಪ್ರಿಂಟಾದ ಕಾಗದವನ್ನು ಇಲ್ಲಿಂದ ಅಳಿಸಲಾಗದು. ಸೂಪರಿಂಟೆಂಡೆಂಟ್ ಆಪರೇಷನ್ ಥಿಯೇಟರಿನಲ್ಲಿದ್ದರು.

ನಮ್ಮಲ್ಲಿ ಒಂದು ನಿಯಮವಿದೆ. ಸರ್ವರ್ ನಿಂತರೆ ಆ ಹೊತ್ತಿನವರೆಗಿನ ಸ್ಲಿಪ್ಪುಗಳೆಲ್ಲ ರದ್ದು. ಎಲ್ಲರೂ ಕೈಯಲ್ಲಿರುವುದನ್ನು ಕೆಳಗಿಡಬೇಕು. ಡಾಕ್ಟರು ರೋಗಿಯನ್ನು ಮೊದಲಿನಿಂದ ಬಾಯಲ್ಲೇ ಕೇಳಿ, ಕೈಯಲ್ಲಿ ಚೀಟಿ ಬರೆದ ಮೇಲೆಯೇ ಔಷಧ. ಹಿಂದೆ ಒಮ್ಮೆ ಕರೆಂಟು ಹೋಗಿ ಸ್ಲಿಪ್ಪುಗಳು ಅದಲು ಬದಲಾದ ಮೇಲೆ ಮಾಡಿದ ನಿಯಮ ಅದು. ಎಲ್ಲರೂ ಗೊಣಗುತ್ತಾರೆ, ಆದರೆ ಪಾಲಿಸುತ್ತಾರೆ.

ಅದು ಓಪಿ ತುಂಬಿರುವ ಹೊತ್ತು. ಲ್ಯಾಬಿನ ಮಿಷನ್ನುಗಳು ಅದೇ ಸರ್ವರಿಗೆ ಬರೆಯುತ್ತಿರುತ್ತವೆ. ಕುಂದುರ್ಪಿ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದ ಜನ ಸಾಲಿನಲ್ಲಿ ನಿಂತಿರುತ್ತಾರೆ. ಯಾರನ್ನೂ ಕೇಳದೆ ಸರ್ವರ್ ನಿಲ್ಲಿಸಿದರೆ ನನ್ನ ಕೆಲಸ ಹೋಗಬಹುದು, ಹೋದರೆ ತಪ್ಪೂ ಅಲ್ಲ. ನಿಲ್ಲಿಸಲು ಎರಡು ಬಗೆಯ ಆಜ್ಞೆಗಳಿವೆ. ಒಂದು ಸಭ್ಯವಾದದ್ದು, ಪ್ರತಿಯೊಬ್ಬರೂ ಹಿಡಿದ ಕೆಲಸ ಮುಗಿಸಲಿ ಎಂದು ಕಾಯುತ್ತದೆ. ಇನ್ನೊಂದು ಯಾರಿಗೂ ಕಾಯುವುದಿಲ್ಲ, ಅರ್ಧಕ್ಕೇ ಕತ್ತರಿಸುತ್ತದೆ. ನಾನು ಕಾಯದ ಆಜ್ಞೆ ಕೊಟ್ಟೆ.

ಕಲ್ಯಾಣದುರ್ಗದ ಸಂಪರ್ಕಗಳೆಲ್ಲ ಒಂದೊಂದಾಗಿ ಕಡಿದುಹೋದವು. ಆಮೇಲೆ ಪರದೆಯ ಮೇಲೆ ಏನೂ ಇಲ್ಲ. ಮತ್ತೆ ಮತ್ತೆ ಕೌಂಟರಿನ ನಂಬರ್ ಒತ್ತಿದೆ. ಕೌಂಟರಿನ ಫೋನ್ ಎಂಗೇಜ್ ಬಿಟ್ಟು ರಿಂಗಾಗಲು ಎಷ್ಟು ಹೊತ್ತಾಯಿತೋ, ನನಗೆ ಅದರ ಅಳತೆ ಸಿಗಲಿಲ್ಲ. ಕೊನೆಗೆ ಅವನೇ ಎತ್ತಿ, ಸರ್ವರ್ ಹೋಯ್ತು ಮೇಡಂ, ಜನ ಗಲಾಟೆ ಮಾಡ್ತಾ ಅವ್ರೆ ಎಂದ. ಆ ಮಗು ಎಲ್ಲಿ ಎಂದು ಕೇಳಿದೆ. ಸೂಜಿ ಕೋಣೆಗೆ ಹೋಯ್ತಲ್ಲ ಎಂದ. ಫೋನ್ ಇಡಬೇಡ, ಓಡು, ಏನನ್ನೂ ಕೊಡಬೇಡಿ ಅಂತ ಹೇಳು ಎಂದು ಕಿರುಚಿದೆ.

ಅವನು ಫೋನನ್ನು ಮೇಜಿನ ಮೇಲೆ ಇಟ್ಟು ಹೋದ. ಆ ಕಡೆಯ ಗದ್ದಲ ಕೇಳಿಸುತ್ತಲೇ ಇತ್ತು. ಯಾರೋ ಕೆಮ್ಮಿದರು, ಯಾರೋ ತೆಲುಗಿನಲ್ಲಿ ಟೋಕನ್ನಿಗಾಗಿ ಜಗಳವಾಡಿದರು, ಒಂದು ಮಗು ಅತ್ತಿತು. ಅಳುವ ಮಗು ಯಾವುದು ಎಂದು ನನಗೆ ತಿಳಿಯಲಿಲ್ಲ.

ವಾಪಸು ಬಂದು ಅವನು ಹೇಳಿದ್ದು ಇಷ್ಟು. ನರ್ಸ್ ಔಷಧವನ್ನು ಸಿರಿಂಜಿಗೆ ಎಳೆದು, ಹತ್ತಿಯಿಂದ ಜಾಗ ಒರೆಸಿಯೂ ಆಗಿತ್ತು. ಎದುರಿನ ಪರದೆ ಖಾಲಿಯಾದದ್ದು ನೋಡಿ ನಿಯಮದಂತೆ ಸಿರಿಂಜನ್ನು ಟ್ರೇಯಲ್ಲಿಟ್ಟು ಕೂತಿದ್ದಳು. ಡಾಕ್ಟರು ಬಂದು ಬಾಯಲ್ಲಿ ಕೇಳಿದಾಗ, ಹಿಂದೆ ಔಷಧ ಕುಡಿಸಿದಾಗ ಮುಖ ಊದಿದ್ದನ್ನು ತಾಯಿಯೇ ಹೇಳಿದ್ದಳು. ಮಗುವನ್ನು ಜ್ವರಕ್ಕೆಂದು ವಾರ್ಡಿಗೆ ಸೇರಿಸಿಕೊಂಡಿದ್ದರು.

ಷರಾ ಇದ್ದ ಮೂರನೆಯ ಪ್ರತಿಯನ್ನು ಹಾಕಿ, ಇಂಜೆಕ್ಷನ್ ವೇಳಾಪಟ್ಟಿಯನ್ನು ಕೈಯಿಂದಲೇ ನಿಲ್ಲಿಸಿ ಸರ್ವರನ್ನು ಮತ್ತೆ ಎಬ್ಬಿಸಿದೆ. ಅರ್ಧಕ್ಕೆ ಕತ್ತರಿಸಿದ ಕೆಲಸಗಳನ್ನು ಅದು ತಾನೇ ಹಿಂದಕ್ಕೆ ತೆಗೆದುಕೊಂಡಿತು. ಲ್ಯಾಬಿನವರು ಕೆಲವರ ರಕ್ತವನ್ನು ಎರಡನೆಯ ಸಲ ಪರೀಕ್ಷಿಸಬೇಕಾಯಿತು. ಸೂಪರಿಂಟೆಂಡೆಂಟರಿಗೆ ಒಂದನ್ನೂ ಬಿಡದೆ ಹೇಳಿದೆ, ಅಡ್ಡದಾರಿ ಹಿಡಿದದ್ದನ್ನೂ ಸೇರಿಸಿ. ಅವರು, ನಾಳೆ ನೀವೇ ಹೋಗಿ ಇಬ್ಬರನ್ನೂ ಬೇರೆ ಮಾಡಿ ಬನ್ನಿ ಎಂದರು. ಅಷ್ಟಕ್ಕೇ ಬಿಟ್ಟರಲ್ಲ ಎಂದು ನನ್ನ ಕಣ್ಣಲ್ಲಿ ನೀರು ಬಂತು.

ಮರುದಿನ ಬೆಳಿಗ್ಗೆ ಕಲ್ಯಾಣದುರ್ಗ ತಲುಪಿದಾಗ ಕೌಂಟರಿನ ಅಕ್ಕ ಮದುವೆಮನೆಯ ಬಳೆ ತೊಟ್ಟುಕೊಂಡೇ ಕೆಲಸಕ್ಕೆ ಬಂದಿದ್ದರು. ನನ್ನನ್ನು ಪಕ್ಕಕ್ಕೆ ಕರೆದರು.

“ಅಳಿಸ್ಕಂಡ್ ಓಗ್ತಿತ್ತು, ನಾನು ಕಾರ್ಡ್ ನೋಡ್ಕಂಡ್ ಮತ್ತೆ ಬರೀತಿದ್ದೆ. ಮಿಷನ್ ಕೆಟ್ಟೈತೆ ಅಂದ್ಕಂಡೆ. ಸೂಜಿ ಸ್ಲಿಪ್ ಬಂದಾಗೆಲ್ಲ ಓಗಿ ಅರ್ದಾಕ್ತಿದ್ದೆ. ನಿಮ್ಗೆ ಏಳಿದ್ರೆ ಒಸ ನಂಬರ್ ಕೊಡಿ ಅಂತೀರ. ಆ ತಾಯಿ ಮುಂದೆ ಒಸ ನಂಬರ್ ಅನ್ನಕ್ಕೆ ನಂಗೆ ಬಾಯಿ ಬರ್ಲಿಲ್ಲ ಮೇಡಂ.”

ಅವರು ಹೇಳಿದ ಮೇಲೆ ಎಲ್ಲವೂ ತಿಳಿಯಿತು. ದೊಡ್ಡ ಮಗಳು ಸೋದರಮಾವನ ಮನೆಯಲ್ಲಿದ್ದುಕೊಂಡು ಹಿಂದೂಪುರದಲ್ಲಿ ಚಿಕಿತ್ಸೆ ಪಡೆಯುತ್ತಿದ್ದಳು. ಕಾರ್ಡಿನಲ್ಲಿ ಅವರ ಫೋನ್ ನಂಬರ್ ಇದ್ದದ್ದು ಅದಕ್ಕೆ. ಏಳು ವರ್ಷಕ್ಕೆ ತೀರಿಕೊಂಡಳು. ವರ್ಷ ತುಂಬುವುದರೊಳಗೆ ಹುಟ್ಟಿದ ಇನ್ನೊಂದು ಹೆಣ್ಣುಮಗುವಿಗೆ ತಾಯಿ ಅದೇ ಹೆಸರಿಟ್ಟಳು. ಹೋದ ಮಗು ಅದೇ ಹೊಟ್ಟೆಗೆ ತಿರುಗಿ ಬರುತ್ತದೆ ಎನ್ನುವ ಮಾತು ನಮ್ಮ ಕಡೆ ಹೊಸದಲ್ಲ. ಬಂದದ್ದು ಅದೇ ಮಗುವಾದರೆ ಕಾರ್ಡೂ ಅದೇ. ಆರು ತಿಂಗಳ ಕೂಸನ್ನು ಎತ್ತಿಕೊಂಡು, ಆ ಹಳದಿ ಕಾರ್ಡನ್ನು ಸೆರಗಿನಿಂದ ತೆಗೆದು ಕೌಂಟರಿನ ಮೇಲಿಟ್ಟಿದ್ದಳು. ಅಕ್ಕ ಅದನ್ನು ತೆಗೆದುಕೊಂಡಿದ್ದರು. ತವರಿನಿಂದ ಬಂದ ಸೀರೆಯನ್ನು ಬೇಡವೆನ್ನಲು ಆಗುವುದಿಲ್ಲವಲ್ಲ, ಹಾಗೆ.

ತಾಯಿ ವಾರ್ಡಿನಲ್ಲಿ ಮಂಚದ ತುದಿಗೆ ಕೂತಿದ್ದಳು. ಕುಂದುರ್ಪಿಯಿಂದಾಚೆ ಒಂದು ಊರಿನವಳು, ಮೂವತ್ತರ ಆಸುಪಾಸು. ಮಗುವಿಗೆ ಜ್ವರ ಇಳಿದು, ಅದು ಅವಳ ಬಳೆ ಎಣಿಸುತ್ತಿತ್ತು. ಹೆಸರು ಹೇಳಿದ ದನಿಯನ್ನು ಕೇಳಿದ್ದೆನಲ್ಲ, ಮುಖ ನೋಡಿದ್ದು ಆಗ. ಮುಟ್ಟಬೇಕು ಅನಿಸಿತು, ಕೈ ಹೋಗಲಿಲ್ಲ. ನಾನು ಯಾರು, ಏನು ಮಾಡಿದೆ, ನಿನ್ನೆ ಏನಾಗುವುದರಲ್ಲಿತ್ತು ಎಲ್ಲವನ್ನೂ ಹೇಳಿ, ಈ ಮಗುವಿಗೆ ಬೇರೆ ನಂಬರ್ ಕೊಡಬೇಕು ಎಂದೆ.

ಅವಳು ಬೇಡವೆಂದು ತಲೆಯಾಡಿಸಿದಳು. ಮಗುವಿನ ಕಿವಿಯ ಹಿಂದಿನ ಮಚ್ಚೆ ತೋರಿಸಿದಳು. “ದೊಡ್ಡೋಳಿಗೂ ಇಲ್ಲೇ ಇತ್ತು. ನನ್ನ ಬಿಟ್ಟು ಓದೋಳೇ ತಿರ್ಗ ಬಂದವ್ಳೆ ಕಣಮ್ಮ. ಬ್ಯಾರೆ ನಂಬರ್ ಯಾಕೆ?”

ಬಹಳ ಸಲ ಬಹಳ ರೀತಿಯಲ್ಲಿ ಹೇಳಿದೆ. ಅವಳು ಅಷ್ಟೇ ತಾಳ್ಮೆಯಿಂದ ಬೇಡವೆಂದಳು. ಕೊನೆಗೆ ನನ್ನ ಬಾಯಿಂದ ಬಂದ ಮಾತಿಗೆ ಇವತ್ತಿಗೂ ನನಗೆ ನಾಚಿಕೆಯಿದೆ.

“ಆ ಸೂಜಿ ದೊಡ್ಡೋಳಿಗೆ ಒಗ್ತಿತ್ತಮ್ಮ. ಇವ್ಳಿಗೆ ಪ್ರಾಣಕ್ಕೇ ಬತ್ತೈತೆ. ಒಂದೇ ಮಗು ಆಗಿದ್ರೆ ಒಗ್ಬೇಕಿತ್ತಲ್ವಾ?”

ಅವಳು ನನ್ನನ್ನು ನೋಡಲಿಲ್ಲ. ಮಗುವನ್ನು ನೋಡಿದಳು, ಮೊದಲ ಸಲ ನೋಡುವವಳಂತೆ, ಹಣೆ, ಕಣ್ಣು, ಬಾಯಿ. ಆಮೇಲೆ ಸೆರಗಿನ ಗಂಟು ಬಿಚ್ಚಿ ಕಾರ್ಡನ್ನು ನನ್ನ ಕೈಗಿಟ್ಟಳು. ಅದರ ಅಂಚುಗಳು ಸವೆದು ಬಟ್ಟೆಯಂತಾಗಿದ್ದವು.

ಮಗುವನ್ನು ಎತ್ತಿಕೊಂಡು ಅವಳು ಕೌಂಟರಿಗೆ ಬಂದಳು. ಮೊದಲು ಚಿಕ್ಕವಳಿಗೆ ಹೊಸ ನಂಬರ್ ಮಾಡಿ, ಅದೇ ಹೆಸರು ಬರೆದು, ಪೆನ್ಸಿಲಿನ್ ಕೂಡದು ಎಂಬುದನ್ನು ಷರಾದಲ್ಲಷ್ಟೇ ಬಿಡದೆ, ಯಾವ ಪರದೆ ತೆರೆದರೂ ಮೇಲೆ ಕೆಂಪಗೆ ಕಾಣುವಂತೆ ಹಾಕಿದೆ. ಅವಳ ಭೇಟಿಗಳನ್ನೆಲ್ಲ ಒಂದೊಂದಾಗಿ, ಆರು ಕಿಲೋದಿಂದ ಶುರುಮಾಡಿ, ಹೊಸ ನಂಬರಿಗೆ ಸಾಗಿಸಿದೆ. ಹಳೆಯ ನಂಬರಿನಲ್ಲಿ ಹತ್ತೊಂಬತ್ತು ಕಿಲೋದ ಹುಡುಗಿ ಒಬ್ಬಳೇ ಉಳಿದಳು.

ಆಮೇಲೆ ಮರಣದ ಪುಟ ತೆರೆದೆ. ಅಡ್ಡದಾರಿ ಹಿಡಿಯದೆ ತೆರೆದೆ. ಅದರಲ್ಲಿ ಎರಡು ಕಾಲಂ ಖಾಲಿ ಬಿಟ್ಟರೆ ಸರ್ವರ್ ಒಪ್ಪುವುದಿಲ್ಲ. ಮೊದಲನೆಯದು ತಾರೀಖು. ನಾನು ಕೇಳುವ ಮುಂಚೆಯೇ ಕೌಂಟರಿನ ಅಕ್ಕ ಮೆಲ್ಲಗೆ ತೆಲುಗಿನಲ್ಲಿ ಕೇಳಿದರು. ತಾಯಿ ತಾರೀಖು ಹೇಳಲಿಲ್ಲ. ಉಗಾದಿಗೆ ಮುಂಚಿನ ಸೋಮವಾರ, ಹೊತ್ತು ನೆತ್ತಿಗೆ ಬಂದಾಗ ಎಂದಳು. ಹಳೆಯ ಕ್ಯಾಲೆಂಡರ್ ನೋಡಿ ನಾನು ತಾರೀಖು ಹಾಕಿದೆ.

ಎರಡನೆಯದು, ಸುದ್ದಿ ಕೊಟ್ಟವರು ಯಾರು ಎಂಬುದು. ನಾನು ಕೀಬೋರ್ಡಿನಿಂದ ಬೆರಳು ಎತ್ತಿ ಕೂತೆ. ಅಕ್ಕನಿಗೆ ಅರ್ಥವಾಯಿತು. ನಾನು ಹೇಳಿದೆ ಅಂತ ನನ್ನ ಹೆಸರು ಬರ್ಕಳ್ಳಿ ಮೇಡಂ, ಯಾರು ಕೇಳ್ತಾರೆ ಎಂದರು. ನಾನೂ ಹಾಗೆಯೇ ಮಾಡುವವಳಿದ್ದೆ.

ತಾಯಿ ಏನು ಬರೆಯಬೇಕಾಗಿದೆ ಎಂದು ಕೇಳಿದಳು. ಹೇಳಿದೆವು. ಅವಳು ಮಗುವನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು.

“ಬ್ಯಾಡ. ದೊಡ್ಡೋಳು ಇಲ್ಲ ಅಂತ ನಾಲ್ಕು ವರ್ಸದಿಂದ ಯಾರ್ಗೂ ಏಳಿಲ್ಲ. ಎತ್ತೋಳು ನಾನು, ನಾನೇ ಏಳ್ದೆ ಅಂತ ಬರ್ಕಳಿ.”

ಆ ಕಾಲಂನಲ್ಲಿ ನಾನು ‘ತಾಯಿ’ ಎಂದು ಟೈಪ್ ಮಾಡಿದೆ.